ಥಿಯೋಡೋರ್ ಬೊವೇರಿ: ಕಡಲಜೀವಿಯ ಮೊಟ್ಟೆಯಲ್ಲಿ ಅರ್ಬುದದ ಮೂಲವನ್ನು ಕಂಡವರು

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನಚಿತ್ರವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದಾಗ ನನ್ನ ಮನಸ್ಸಿಗೆ ಮೊದಲು ಬಂದ ಹೆಸರುಗಳು ಸಹಜವಾಗಿಯೇ ನಮ್ಮ ನೆರೆಯವು. ಮಂಜೇಶ್ವರದ ಗೋವಿಂದ ಪೈಗಳನ್ನು ಕುರಿತು, ಕುಂಬಳೆಯ ಪಾರ್ತಿಸುಬ್ಬನನ್ನು ಕುರಿತು ನನಗಿಂತ ಬಲ್ಲವರು ಬರೆದಿದ್ದಾರೆ, ಇನ್ನೂ ಬರೆಯುತ್ತಾರೆ. ಜೀವಶಾಸ್ತ್ರವನ್ನು ಕನ್ನಡದಲ್ಲಿ ಕಲಿತು ಕನ್ನಡದಲ್ಲಿಯೇ ಕಲಿಸಿದ ನಾನು, ನಮ್ಮ ಮನೆಮನೆಗಳನ್ನು ಈಗ ಹೆದರಿಸುತ್ತಿರುವ ಒಂದು ವ್ಯಾಧಿಯ ಮೂಲವನ್ನು ನೂರು ವರ್ಷಗಳಿಗೂ ಹಿಂದೆ ಊಹಿಸಿದ ಒಬ್ಬ ಜರ್ಮನ್ ವಿದ್ವಾಂಸರನ್ನು ಪರಿಚಯಿಸಲು ಅನುಮತಿ ಬೇಡುತ್ತೇನೆ.

ಅವರ ಮನೆತನದ ಹೆಸರು ನಮಗೆ ತೀರ ಅಪರಿಚಿತವೇನೂ ಅಲ್ಲ. ಉದ್ಯೋಗ ನಿಮಿತ್ತ ಬೆಂಗಳೂರು ಸೇರಿದ ನಮ್ಮ ಹಳೆವಿದ್ಯಾರ್ಥಿಗಳು ವಿದ್ಯುತ್ ಯಂತ್ರೋಪಕರಣಗಳ ಮೇಲೆ ಎಬಿಬಿ ಎಂಬ ಮೂರು ಅಕ್ಷರಗಳನ್ನು ನೋಡಿಯೇ ಇರುತ್ತಾರೆ. ಅವುಗಳಲ್ಲಿ ಕೊನೆಯ ಅಕ್ಷರ ಬೊವೇರಿ ಎಂಬ ಹೆಸರಿನದು. 1891ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಡೆನ್ ಪಟ್ಟಣದಲ್ಲಿ ಬ್ರೌನ್ ಎಂಬವರೊಡನೆ ಆ ಉದ್ಯಮವನ್ನು ಕಟ್ಟಿದ ವಾಲ್ಟರ್ ಬೊವೇರಿಯವರ ಅಣ್ಣನೇ ನಮ್ಮ ಕಥಾನಾಯಕ ಥಿಯೋಡೋರ್ ಬೊವೇರಿ. ತಮ್ಮನ ಹೆಸರು ಯಂತ್ರಗಳ ಮೇಲೆ ಲೋಕವನ್ನೆಲ್ಲ ಸುತ್ತಿತು. ಅಣ್ಣನ ಹೆಸರು ಪ್ರಯೋಗಾಲಯಗಳೊಳಗೇ ಉಳಿಯಿತು.

ಥಿಯೋಡೋರ್ ಬೊವೇರಿ ಜನಿಸಿದ್ದು 1862ರ ಅಕ್ಟೋಬರ್ 12ರಂದು, ದಕ್ಷಿಣ ಜರ್ಮನಿಯ ಬಾಂಬೆರ್ಗ್ ನಗರದಲ್ಲಿ. ತಂದೆ ವೈದ್ಯರು, ನಾಲ್ವರು ಗಂಡುಮಕ್ಕಳಲ್ಲಿ ಇವರು ಎರಡನೆಯವರು. ಬಾಲ್ಯದಿಂದಲೇ ಸಂಗೀತ ಮತ್ತು ಚಿತ್ರಕಲೆಗಳಲ್ಲಿ ಅಭಿರುಚಿಯಿದ್ದು, ಪಿಯಾನೋ ವಾದನವೂ ಕುಂಚವೂ ಅವರನ್ನು ಕೊನೆಯವರೆಗೆ ಬಿಟ್ಟಿರಲಿಲ್ಲ. ಮ್ಯೂನಿಕ್ ವಿಶ್ವವಿದ್ಯಾನಿಲಯಕ್ಕೆ ಸೇರಿದಾಗ ಆರಿಸಿಕೊಂಡದ್ದು ಇತಿಹಾಸ ಮತ್ತು ತತ್ತ್ವಶಾಸ್ತ್ರಗಳನ್ನು. ಅಲ್ಪಕಾಲದಲ್ಲೇ ಮನಸ್ಸು ಅಂಗರಚನಾಶಾಸ್ತ್ರದತ್ತ ತಿರುಗಿತು. 1885ರಲ್ಲಿ ನರತಂತುಗಳ ರಚನೆಯನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪದವಿ ದೊರೆಯಿತು. ಅದರ ಬೆನ್ನಿಗೇ ದೊರೆತ ಲಾಮೋಂಟ್ ವಿದ್ಯಾರ್ಥಿವೇತನ ಅವರ ಜೀವನದ ದಿಕ್ಕನ್ನೇ ಬದಲಿಸಿತು. ಹೊಟ್ಟೆಪಾಡಿನ ಚಿಂತೆಯಿಲ್ಲದೆ ಹಲವು ವರ್ಷ ಸೂಕ್ಷ್ಮದರ್ಶಕದ ಮುಂದೆ ಕುಳಿತಿರುವ ಸೌಭಾಗ್ಯ ಎಷ್ಟು ಮಂದಿ ತರುಣರಿಗೆ ಲಭಿಸುತ್ತದೆ!

ಆ ವರ್ಷಗಳಲ್ಲಿ ಅವರು ಆರಿಸಿಕೊಂಡ ಜೀವಿ ಕುದುರೆಯ ಕರುಳಿನಲ್ಲಿ ವಾಸಿಸುವ ಜಂತುಹುಳು. ವಸ್ತು ಹೇಸಿಗೆಯದಾದರೂ ಆಯ್ಕೆಗೆ ಬಲವಾದ ಕಾರಣವಿತ್ತು. ಜೀವಕೋಶ ಇಬ್ಭಾಗವಾಗುವಾಗ ಅದರ ಕೇಂದ್ರದಲ್ಲಿ ದಾರದ ತುಂಡುಗಳಂತಹ ವಸ್ತುಗಳು ಕಾಣಿಸಿಕೊಳ್ಳುತ್ತವೆ. ಬಣ್ಣವನ್ನು ಹೀರಿಕೊಳ್ಳುವುದರಿಂದ ಅವುಗಳಿಗೆ ವರ್ಣತಂತು ಎಂದು ಹೆಸರು. ಬಹುತೇಕ ಪ್ರಾಣಿಗಳಲ್ಲಿ ಅವು ಹತ್ತಾರು ಇದ್ದು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಈ ಹುಳುವಿನ ಮೊಟ್ಟೆಯಲ್ಲಾದರೋ ಇರುವುದು ಎರಡು ಅಥವಾ ನಾಲ್ಕು ಮಾತ್ರ. ಪ್ರತಿಯೊಂದನ್ನೂ ಬೇರೆಯಾಗಿ ನೋಡಬಹುದು, ಅದರ ಬೆನ್ನುಹತ್ತಿ ಹೋಗಬಹುದು. ಕೋಶ ವಿಶ್ರಾಂತಿಯಲ್ಲಿರುವಾಗ ವರ್ಣತಂತುಗಳು ಕಣ್ಣಿಗೆ ಕಾಣದಂತಾಗುತ್ತವೆ. ಆದರೆ ಅವು ಕರಗಿಹೋಗುವುದಿಲ್ಲ, ತಮ್ಮ ವ್ಯಕ್ತಿತ್ವವನ್ನು ಉಳಿಸಿಕೊಂಡು ಮರಳಿ ಅದೇ ಸ್ಥಾನದಲ್ಲಿ ಪ್ರಕಟವಾಗುತ್ತವೆ ಎಂದು ಬೊವೇರಿಯವರು ಸಾಧಿಸಿದರು. ಕೋಶದ ಎರಡು ತುದಿಗಳಲ್ಲಿ ನಿಂತು ವರ್ಣತಂತುಗಳನ್ನು ಸಮನಾಗಿ ಹಂಚಿಸುವ ಸೂಕ್ಷ್ಮ ಕಣವನ್ನು ಗುರುತಿಸಿ, 1888ರಲ್ಲಿ ಅದಕ್ಕೆ ಸೆಂಟ್ರೋಸೋಮ್ ಎಂದು ಹೆಸರಿಟ್ಟವರೂ ಅವರೇ. ಈ ಕಣವನ್ನು ಓದುಗರು ನೆನಪಿನಲ್ಲಿಡಬೇಕು; ಮುಂದಿನ ಕಥೆಯೆಲ್ಲ ಅದರ ಸುತ್ತಲೇ ಇದೆ.

1893ರಲ್ಲಿ, ಮೂವತ್ತೊಂದನೆಯ ವಯಸ್ಸು ತುಂಬುವ ವೇಳೆಗೆ, ಅವರು ವ್ಯುರ್ಟ್ಸ್‌ಬುರ್ಗ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದರು. ಎರಡೇ ವರ್ಷಗಳಲ್ಲಿ ಅದೇ ವಿಶ್ವವಿದ್ಯಾನಿಲಯದ ರಾಂಟ್‌ಜೆನ್ ಎಕ್ಸ್‌ರೇಯನ್ನು ಕಂಡುಹಿಡಿದರು. ಈ ಈರ್ವರೂ ಮಿತ್ರರಾಗಿದ್ದರು. ಬೊವೇರಿಯವರು ಸಾಯುವವರೆಗೂ ಆ ಊರನ್ನು ಬಿಡಲಿಲ್ಲ.

ಅವರ ದಾಂಪತ್ಯದ ವಿಚಾರವನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಮಾರ್ಸೆಲಾ ಓಗ್ರೇಡಿ ಅಮೆರಿಕದವರು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಿಂದ 1885ರಲ್ಲಿ ಜೀವಶಾಸ್ತ್ರದ ಪದವಿ ಪಡೆದ ಮೊದಲ ಮಹಿಳೆ. ವಾಸರ್ ಕಾಲೇಜಿನಲ್ಲಿ ಅಧ್ಯಾಪನ ನಡೆಸುತ್ತಿದ್ದವರು. ಬೊವೇರಿಯವರ ಬಳಿ ಸಂಶೋಧನೆ ಮಾಡಬೇಕೆಂದು 1896ರಲ್ಲಿ ಅವರು ವ್ಯುರ್ಟ್ಸ್‌ಬುರ್ಗಿಗೆ ಬಂದಾಗ ಅಲ್ಲಿಯ ವಿಜ್ಞಾನ ವಿಭಾಗದಲ್ಲಿ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ. ವಿಶೇಷ ಅನುಮತಿ ಪಡೆದು ಸೇರಿದರು. ಮರುವರ್ಷ ಗುರುಶಿಷ್ಯರ ವಿವಾಹವಾಯಿತು. 1900ರಲ್ಲಿ ಹುಟ್ಟಿದ ಏಕಮಾತ್ರ ಪುತ್ರಿ ಮಾರ್ಗರೆಟ್ ಮುಂದೆ ಜರ್ಮನಿಯ ಹೆಸರಾಂತ ಪತ್ರಕರ್ತೆಯಾದರು. ಮಾರ್ಸೆಲಾ ಅವರು ಗೃಹಿಣಿಯಾಗಿ ಮಾತ್ರ ಉಳಿಯದೆ ಪತಿಯ ಪ್ರಯೋಗಗಳಲ್ಲಿ ಕೈಜೋಡಿಸಿದರು. ದಂಪತಿಗಳು ಮೊಟ್ಟೆಗಳನ್ನು ಹುಡುಕಿಕೊಂಡು ಹೋಗುತ್ತಿದ್ದುದು ಇಟಲಿಯ ನೇಪಲ್ಸ್ ಕಡಲತೀರದ ಸಂಶೋಧನಾ ಕೇಂದ್ರಕ್ಕೆ.

ಅಲ್ಲಿ ನಡೆದುದೇ ಅವರ ಜೀವನದ ಮಹಾಪ್ರಯೋಗ. ಕಡಲ ತಳದ ಬಂಡೆಗಳಲ್ಲಿ ಮೈಯೆಲ್ಲ ಮುಳ್ಳಿನ, ಚೆಂಡಿನಾಕಾರದ ಒಂದು ಜೀವಿಯುಂಟು. ನಮ್ಮ ಪಠ್ಯಪುಸ್ತಕಗಳು ಕಂಟಕಚರ್ಮಿಗಳ ಗುಂಪಿಗೆ ಸೇರಿಸಿದ ಸೀ ಅರ್ಚಿನ್ ಅದು. ಅದರ ಮೊಟ್ಟೆಗೆ ನಿಯಮದಂತೆ ಒಂದೇ ಪುರುಷಾಣು ಸೇರಬೇಕು. ಆಗ ಸೆಂಟ್ರೋಸೋಮ್ ಎರಡಾಗಿ, ವರ್ಣತಂತುಗಳು ಎರಡು ಪಾಲಾಗಿ, ಕೋಶ ಎರಡಾಗುತ್ತದೆ. ಪುರುಷಾಣುಗಳ ಸಂಖ್ಯೆಯನ್ನು ಹೆಚ್ಚಿಸಿ, ಕೆಲವು ಮೊಟ್ಟೆಗಳಿಗೆ ಎರಡೆರಡು ಪ್ರವೇಶಿಸುವಂತೆ ಬೊವೇರಿಯವರು ಮಾಡಿದರು. ಅಂಥ ಮೊಟ್ಟೆಯಲ್ಲಿ ಎರಡು ಧ್ರುವಗಳ ಬದಲು ನಾಲ್ಕು ಧ್ರುವಗಳು. ಮೂರು ಪಾಲು ವರ್ಣತಂತುಗಳು ನಾಲ್ಕು ದಿಕ್ಕಿಗೆ ಎಳೆದಾಡಲ್ಪಟ್ಟು, ಮೊಟ್ಟೆ ಒಮ್ಮೆಗೇ ನಾಲ್ಕು ಕೋಶಗಳಾಗಿ ಒಡೆಯುತ್ತದೆ. ಯಾವ ಕೋಶಕ್ಕೆ ಯಾವ ವರ್ಣತಂತು ಎಂಬುದಕ್ಕೆ ನಿಯಮವೇ ಇಲ್ಲ.

ಇದನ್ನು ನಾನು ತರಗತಿಯಲ್ಲಿ ಯಕ್ಷಗಾನದ ದೃಷ್ಟಾಂತದಿಂದ ವಿವರಿಸುತ್ತಿದ್ದೆ. ಮೂರು ಮೇಳಗಳ ಕಲಾವಿದರನ್ನೆಲ್ಲ ಕತ್ತಲೆಯಲ್ಲಿ ನಾಲ್ಕು ವಾಹನಗಳಿಗೆ ಸಿಕ್ಕಸಿಕ್ಕಂತೆ ಹತ್ತಿಸಿ ನಾಲ್ಕು ಊರುಗಳಿಗೆ ಕಳುಹಿಸಿದರೆಂದು ಭಾವಿಸೋಣ. ಉಪ್ಪಳಕ್ಕೆ ಇಬ್ಬರು ಭಾಗವತರು ಬಂದಿಳಿದರು, ಚೆಂಡೆಯವರೇ ಇಲ್ಲ. ಬಂದ್ಯೋಡಿಗೆ ಮೂವರು ಬಣ್ಣದ ವೇಷದವರು, ಭಾಗವತರೇ ಇಲ್ಲ. ತಲೆ ಎಣಿಸಿದರೆ ಸಂಖ್ಯೆಗೇನೂ ಕೊರತೆಯಿಲ್ಲ. ಆದರೆ ಪ್ರಸಂಗ ನಡೆಯುವುದಿಲ್ಲ. ಬೊವೇರಿಯವರು ಕಂಡದ್ದೂ ಅದನ್ನೇ. ಆ ನಾಲ್ಕು ಕೋಶಗಳನ್ನು ಬಿಡಿಸಿ ಬೇರೆಬೇರೆಯಾಗಿ ಬೆಳೆಸಿದಾಗ ನಾಲ್ಕೂ ನಾಲ್ಕು ರೀತಿಯಲ್ಲಿ ವಿಕಾರಗೊಂಡವು, ಬಹುಪಾಲು ನಾಶವಾದವು. ಆದುದರಿಂದ ವರ್ಣತಂತುಗಳೆಲ್ಲ ಒಂದೇ ಬಗೆಯವಲ್ಲ. ಒಂದೊಂದರಲ್ಲಿ ಒಂದೊಂದು ಗುಣವಿದೆ. ಆರೋಗ್ಯಕ್ಕೆ ಬೇಕಾದುದು ಬರಿಯ ಸಂಖ್ಯೆಯಲ್ಲ, ಸರಿಯಾದ ಕೂಟ. 1902ರಲ್ಲಿ ಪ್ರಕಟವಾದ ಈ ತೀರ್ಮಾನ, ಎರಡು ವರ್ಷಗಳ ಹಿಂದಷ್ಟೇ ವಿಸ್ಮೃತಿಯಿಂದ ಮೇಲೆದ್ದಿದ್ದ ಮೆಂಡಲನ ವಂಶನಿಯಮಗಳಿಗೆ ಭೌತಿಕ ಆಧಾರವನ್ನೊದಗಿಸಿತು. ಅಮೆರಿಕದ ತರುಣ ವಾಲ್ಟರ್ ಸಟನ್ ಸ್ವತಂತ್ರವಾಗಿ ಅದೇ ನಿಲುವಿಗೆ ಬಂದುದರಿಂದ ಇಬ್ಬರ ಹೆಸರೂ ಆ ಸಿದ್ಧಾಂತಕ್ಕೆ ಸೇರಿವೆ. ಶಾಲಾ ಪುಸ್ತಕಗಳು ಬೊವೇರಿಯವರನ್ನು ಇಷ್ಟಕ್ಕೆ ನೆನೆದು ಬಿಟ್ಟುಬಿಡುತ್ತವೆ.

ಆದರೆ ಅದೇ ಲೇಖನದ ಕೊನೆಯಲ್ಲಿ ಅವರು ಇನ್ನೊಂದು ಮಾತನ್ನು ಸೂಚಿಸಿದ್ದರು. ನಾಲ್ಕು ಧ್ರುವಗಳ ಇಂತಹ ವಿಕೃತ ವಿಭಜನೆಯನ್ನು 1890ರಲ್ಲೇ ಫೋನ್ ಹಾನ್ಸೆಮಾನ್ ಎಂಬ ರೋಗತಜ್ಞರು ಕ್ಯಾನ್ಸರ್ ಗೆಡ್ಡೆಗಳ ಕೋಶಗಳಲ್ಲಿ ಕಂಡು ವರ್ಣಿಸಿದ್ದರು. ಹಾಗಿದ್ದರೆ ಕ್ಯಾನ್ಸರ್ ಎಂದು ನಾವು ಕರೆಯುವ ಅರ್ಬುದ ರೋಗಕ್ಕೆ ಕಾರಣ, ಒಂದು ಕೋಶ ತನ್ನ ವರ್ಣತಂತುಗಳ ಸರಿಯಾದ ಕೂಟವನ್ನು ಕಳೆದುಕೊಂಡುದೇ ಆಗಿರಬಾರದೇಕೆ? ವೈದ್ಯವಲಯ ಈ ಪ್ರಶ್ನೆಗೆ ಕಿವಿಗೊಡಲಿಲ್ಲ. ಕಡಲಜೀವಿಯ ಮೊಟ್ಟೆಯನ್ನು ನೋಡುವವನಿಗೂ ರೋಗಿಯ ಗೆಡ್ಡೆಗೂ ಏನು ಸಂಬಂಧ ಎಂಬ ತಾತ್ಸಾರ ಅಂದಿನದು. ಇಂದಿಗೂ ಅದು ಪೂರ್ತಿ ಅಳಿದಿಲ್ಲವೆಂದು ನನ್ನ ಅಭಿಪ್ರಾಯ.

ಹನ್ನೆರಡು ವರ್ಷಗಳ ಬಳಿಕ, 1914ರಲ್ಲಿ, ಆ ಸೂಚನೆಯನ್ನು ವಿಸ್ತರಿಸಿ ಅವರು ಒಂದು ಪುಟ್ಟ ಪುಸ್ತಕವನ್ನು ಪ್ರಕಟಿಸಿದರು. ಮಾರಕ ಗೆಡ್ಡೆಗಳ ಉತ್ಪತ್ತಿಯ ಪ್ರಶ್ನೆಯನ್ನು ಕುರಿತದ್ದೆಂಬುದಷ್ಟೇ ಅದರ ಹೆಸರಿನ ಅರ್ಥ. ಗೆಡ್ಡೆಗಳ ವಿಷಯದಲ್ಲಿ ತಮಗೆ ನೇರ ಅನುಭವ ಇಲ್ಲವೆಂಬುದನ್ನು ಅವರು ಮರೆಮಾಚಲಿಲ್ಲ. ಆದರೂ ಅದರೊಳಗಿನ ಊಹೆಗಳನ್ನು ಈಗ ಓದುವಾಗ ಆಶ್ಚರ್ಯವಾಗುತ್ತದೆ. ಗೆಡ್ಡೆಯೊಂದು ಎಷ್ಟೇ ದೊಡ್ಡದಿರಲಿ, ಅದು ದಾರಿತಪ್ಪಿದ ಒಂದೇ ಒಂದು ಕೋಶದ ಸಂತಾನ. ಕೋಶವಿಭಜನೆಯನ್ನು ತಡೆಹಿಡಿಯುವ ಅಂಶಗಳು ವರ್ಣತಂತುಗಳಲ್ಲಿ ಇರಬೇಕು. ಅವು ಕಳೆದುಹೋದರೆ ಕೋಶಕ್ಕೆ ಕಡಿವಾಣವಿಲ್ಲ. ವಿಭಜನೆಯನ್ನು ಪ್ರಚೋದಿಸುವ ಅಂಶಗಳೂ ಇರಬೇಕು. ಅವು ಮಿತಿಮೀರಿದರೂ ಅದೇ ಗತಿ. ವಿಭಜನೆಯ ಕ್ರಮವನ್ನು ಕೆಡಿಸುವ ಯಾವುದೇ ಭೌತಿಕ ಅಥವಾ ರಾಸಾಯನಿಕ ಆಘಾತ ರೋಗಕ್ಕೆ ಕಾರಣವಾದೀತು. ಕೆಲವು ಮನೆತನಗಳಲ್ಲಿ ಈ ದೌರ್ಬಲ್ಯ ಹುಟ್ಟಿನಿಂದಲೇ ಬಂದಿರಲೂಬಹುದು. ಇವೆಲ್ಲವನ್ನೂ ಬರೆದಾಗ ಮನುಷ್ಯನ ಕೋಶದಲ್ಲಿ ಎಷ್ಟು ವರ್ಣತಂತುಗಳಿವೆ ಎಂಬ ಲೆಕ್ಕವೇ ಲೋಕಕ್ಕೆ ಸರಿಯಾಗಿ ತಿಳಿದಿರಲಿಲ್ಲ!

ಅವರ ಶರೀರ ಮಾತ್ರ ಅವರಿಗೆ ಒಲಿದಿರಲಿಲ್ಲ. ಇಪ್ಪತ್ತೆಂಟರ ಪ್ರಾಯದ ಸುಮಾರಿಗೆ ಬಂದ ತೀವ್ರ ನಿಶ್ಶಕ್ತಿ ಮತ್ತು ಖಿನ್ನತೆ ಆಗಾಗ ಮರುಕಳಿಸುತ್ತಿತ್ತು. 1913ರಲ್ಲಿ ಬರ್ಲಿನ್ನಿನಲ್ಲಿ ಹೊಸದಾಗಿ ಕಟ್ಟಲಿದ್ದ ಜೀವಶಾಸ್ತ್ರ ಸಂಸ್ಥೆಯ ನಿರ್ದೇಶಕತ್ವ ಒದಗಿ ಬಂದಾಗ, ಅದರ ಯೋಜನೆಯನ್ನೆಲ್ಲ ರೂಪಿಸಿದ ಬಳಿಕ, ಅನಾರೋಗ್ಯದಿಂದಾಗಿ ಹಿಂದೆ ಸರಿದರು. ಮಹಾಯುದ್ಧದ ಎರಡನೆಯ ವರ್ಷ, 1915ರ ಅಕ್ಟೋಬರ್ 15ರಂದು, ಐವತ್ತಮೂರು ತುಂಬಿದ ಮೂರನೆಯ ದಿನ ತೀರಿಕೊಂಡರು. ಅವರ ಶಿಷ್ಯ ಹಾನ್ಸ್ ಸ್ಪೇಮಾನ್ 1935ರಲ್ಲಿ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು. ಗುರುವಿಗೆ ಅದು ಲಭಿಸಲಿಲ್ಲ.

ಸಿದ್ಧಾಂತವೂ ಬಹುಕಾಲ ಮೂಲೆಗೆ ಬಿತ್ತು. ಮನುಷ್ಯನ ವರ್ಣತಂತುಗಳು 48 ಅಲ್ಲ, 46 ಎಂದು ಟ್ಜಿಯೋ ಮತ್ತು ಲೆವಾನ್ ಸ್ವೀಡನ್ನಿನಲ್ಲಿ ಎಣಿಸಿದ್ದೇ 1956ರಲ್ಲಿ. (ಈ ಎಣಿಕೆಯ ವಿದ್ಯೆಯಲ್ಲಿ ನಮ್ಮ ನೆರೆಯ ತಲಶ್ಶೇರಿಯ ಇ. ಕೆ. ಜಾನಕಿ ಅಮ್ಮಾಳ್ ಅವರದು ದೊಡ್ಡ ಹೆಸರು. 1945ರಲ್ಲಿ ಡಾರ್ಲಿಂಗ್ಟನ್ ಅವರೊಡನೆ ಕೃಷಿಸಸ್ಯಗಳ ವರ್ಣತಂತುಗಳ ಬೃಹತ್ ಕೋಶವನ್ನು ಹೊರತಂದವರು.) 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒಂದು ಬಗೆಯ ರಕ್ತದ ಕ್ಯಾನ್ಸರಿನ ರೋಗಿಗಳಲ್ಲಿ ಒಂದು ನಿರ್ದಿಷ್ಟ ವರ್ಣತಂತು ಗಿಡ್ಡವಾಗಿರುವುದು ಕಂಡಾಗ ಬೊವೇರಿಯವರ ಹೆಸರು ಮತ್ತೆ ಕೇಳಿಸಿತು.

ಅವರ ಊಹೆಗೆ ಅತ್ಯಂತ ವಿಶದವಾದ ಪರೀಕ್ಷೆ ನಡೆದುದು ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ. ಅದಕ್ಕೆ ಕಾರಣವುಂಟು. ಕರುಳಿನ ಒಳಪದರ ನಾಲ್ಕೈದು ದಿನಗಳಿಗೊಮ್ಮೆ ಹೊಸದಾಗುತ್ತದೆ; ಅಷ್ಟು ಬಿಡುವಿಲ್ಲದ ವಿಭಜನೆ ಅಲ್ಲಿಯದು. ರೋಗವೂ ಮೆಟ್ಟಿಲುಮೆಟ್ಟಿಲಾಗಿ ಬರುತ್ತದೆ. ಮೊದಲು ಪಾಲಿಪ್ ಎಂಬ ಸಣ್ಣ ಕುರುವಿನಂತಹ ಬೆಳವಣಿಗೆ, ಅದು ದೊಡ್ಡದಾಗಿ, ಕಡೆಗೆ ಮಾರಕ ಗೆಡ್ಡೆ. ಹಲವೊಮ್ಮೆ ಈ ಪಯಣಕ್ಕೆ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು. ಒಂದೊಂದು ಮೆಟ್ಟಿಲಿನಲ್ಲೂ ಒಂದೊಂದು ವಂಶವಾಹಿ ಕೆಡುತ್ತ ಹೋಗುವುದನ್ನು 1990ರಲ್ಲಿ ಫಿಯರಾನ್ ಮತ್ತು ವೋಗೆಲ್‌ಸ್ಟೀನ್ ತೋರಿಸಿದರು. 1997ರಲ್ಲಿ ವೋಗೆಲ್‌ಸ್ಟೀನರ ಬಳಗವೇ, ಇಂತಹ ಗೆಡ್ಡೆಗಳಲ್ಲಿ ಬಹುಪಾಲಿನ ಕೋಶಗಳು ಪ್ರತಿ ವಿಭಜನೆಯಲ್ಲೂ ವರ್ಣತಂತುಗಳನ್ನು ಕಳೆದುಕೊಳ್ಳುತ್ತ, ಹೆಚ್ಚಿಸಿಕೊಳ್ಳುತ್ತ ಇರುವುದನ್ನು ಲೆಕ್ಕ ಹಾಕಿ ತೋರಿಸಿತು. ನೂರರಲ್ಲಿ ಸುಮಾರು 85 ಕರುಳಿನ ಕ್ಯಾನ್ಸರುಗಳು ಈ ಬಗೆಯವು. ಸಿಕ್ಕಸಿಕ್ಕ ವಾಹನ ಹತ್ತುವ ಕಲಾವಿದರ ಪ್ರಸಂಗ ಅಲ್ಲಿ ದಿನವೂ ನಡೆಯುತ್ತಿದೆ.

ಇಲ್ಲಿ ಬೊವೇರಿಯವರನ್ನು ಕುರಿತ ಅಭಿಮಾನದಿಂದ ಸತ್ಯವನ್ನು ಮರೆಯಬಾರದು. ವರ್ಣತಂತುಗಳ ಗೊಂದಲವೇ ಮೊದಲ ಹೆಜ್ಜೆಯೆಂದು ಅವರು ಭಾವಿಸಿದ್ದರು. ಕರುಳಿನಲ್ಲಾದರೋ ಸಾಮಾನ್ಯವಾಗಿ ಮೊದಲು ಕೆಡುವುದು, 1991ರಲ್ಲಿ ಪತ್ತೆಯಾದ ಎಪಿಸಿ ಎಂಬ ಒಂದೇ ವಂಶವಾಹಿ. ಗೊಂದಲ ಅನಂತರ ಸೇರಿಕೊಂಡು ವೇಗ ಹೆಚ್ಚಿಸುತ್ತದೆಂಬುದು ಹಲವರ ಮತ. ಇದರ ಬಗ್ಗೆ ಚರ್ಚೆ ಮುಗಿದಿಲ್ಲ. ನಾಲ್ಕಾಗಿ ಒಡೆದ ಕೋಶಗಳು ಹೆಚ್ಚಾಗಿ ಸತ್ತೇ ಹೋಗುತ್ತವೆ, ಅವರದೇ ಕಡಲಜೀವಿಯ ಕೋಶಗಳಂತೆ. ಹೆಚ್ಚುವರಿ ಸೆಂಟ್ರೋಸೋಮ್‌ಗಳು ಎರಡು ಗುಂಪಾಗಿ ಕೂಡಿಕೊಂಡು, ಒಂದೆರಡು ವರ್ಣತಂತುಗಳನ್ನಷ್ಟೇ ಎಡವಟ್ಟಾಗಿ ಹಂಚುವುದೇ ಹೆಚ್ಚು ಅಪಾಯವೆಂದು 2009ರ ಸಂಶೋಧನೆಗಳು ತಿಳಿಸಿದವು.

ಉಳಿದ ನೂರಕ್ಕೆ 15ರ ಕಥೆ ಬೇರೆ, ಮತ್ತು ಅದು ನಮ್ಮ ಮನೆಬಾಗಿಲಿಗೆ ಬರುವ ಕಥೆ. ಅವುಗಳಲ್ಲಿ ವರ್ಣತಂತುಗಳ ಸಂಖ್ಯೆ ಬಹುಮಟ್ಟಿಗೆ ಸರಿಯಿರುತ್ತದೆ. ಒಳಗಿನ ಬರವಣಿಗೆ ತಪ್ಪಿರುತ್ತದೆ. ಕೋಶ ಇಬ್ಭಾಗವಾಗುವ ಮುನ್ನ ತನ್ನ ವಂಶಲಿಪಿಯನ್ನು ನಕಲು ಮಾಡಿಕೊಳ್ಳುತ್ತದೆ. ಅಚ್ಚಿನ ಕರಡನ್ನು ತಿದ್ದುವವರಂತೆ, ನಕಲಿನ ತಪ್ಪುಗಳನ್ನು ತಿದ್ದುವ ವಂಶವಾಹಿಗಳಿವೆ. ಒಂದೇ ಅಕ್ಷರ ಎಂಟು ಹತ್ತು ಬಾರಿ ಬರುವ ಕಡೆ ಒಂದು ಹೆಚ್ಚೋ ಕಡಿಮೆಯೋ ಆಗುವುದು ಸುಲಭ. ಈ ಸ್ಮರಣ ಸಂಚಿಕೆಯ ಕರಡು ತಿದ್ದಿದವರಿಗೆ ಆ ಕಷ್ಟ ಗೊತ್ತಿರುತ್ತದೆ. ತಿದ್ದುವವರೇ ಇಲ್ಲದಾದರೆ ತಪ್ಪುಗಳು ಸಾವಿರಗಟ್ಟಲೆ ಸೇರುತ್ತವೆ. ಕರುಳಿನ ಕೆಲವು ಗೆಡ್ಡೆಗಳಲ್ಲಿ ಆಗಿರುವುದು ಇದೇ ಎಂದು 1993ರಲ್ಲಿ ತಿಳಿದುಬಂತು. ಇವುಗಳಲ್ಲಿ ಹೆಚ್ಚಿನವು ಬದುಕಿನ ನಡುವೆ ಉಂಟಾದವು. ಆದರೆ ಕರುಳಿನ ಕ್ಯಾನ್ಸರ್ ಬಂದ ನೂರು ಮಂದಿಯಲ್ಲಿ ಸುಮಾರು ಮೂವರಿಗೆ ಈ ದೋಷ ತಂದೆಯಿಂದಲೋ ತಾಯಿಯಿಂದಲೋ ಹುಟ್ಟಿನಲ್ಲೇ ಬಂದಿರುತ್ತದೆ.

ಬೊವೇರಿಯವರ ಪುಸ್ತಕಕ್ಕೆ ಒಂದು ವರ್ಷ ಮುಂಚೆ, 1913ರಲ್ಲಿ, ಅಮೆರಿಕದ ಮಿಷಿಗನ್ನಿನ ಆಲ್ಡ್ರೆಡ್ ವಾರ್ಥಿನ್ ಎಂಬ ವೈದ್ಯರು ಇಂತಹ ಒಂದು ಮನೆತನದ ವಂಶವೃಕ್ಷವನ್ನು ಪ್ರಕಟಿಸಿದ್ದರು. ಮನೆಯವರೆಲ್ಲ ಹೊಟ್ಟೆ, ಕರುಳು, ಗರ್ಭಕೋಶದ ಕ್ಯಾನ್ಸರಿನಿಂದ ಸಾಯುತ್ತಿದ್ದಾರೆ, ತನಗೂ ಅದೇ ಬರುವುದೆಂದು 1895ರಲ್ಲಿ ಅವರ ಬಳಿ ತೋಡಿಕೊಂಡವಳು ಬಟ್ಟೆ ಹೊಲಿದು ಜೀವಿಸುತ್ತಿದ್ದ ಒಬ್ಬ ಹೆಣ್ಣುಮಗಳು. ಅವಳ ಮಾತನ್ನು ಅವರು ಕಡೆಗಣಿಸಲಿಲ್ಲ. ಅವಳ ಭಯ ನಿಜವಾಯಿತು. 1966ರಿಂದ ಹೆನ್ರಿ ಲಿಂಚ್ ಈ ಅಧ್ಯಯನವನ್ನು ಮುಂದುವರಿಸಿದರು; ಇಂದು ಆ ದೋಷ ಲಿಂಚ್ ಸಿಂಡ್ರೋಮ್ ಎಂದೇ ಪ್ರಸಿದ್ಧ.

ನಮ್ಮ ಕಡೆ ಒಂದು ಮನೆಯಲ್ಲಿ ಮೂವರು ನಾಲ್ವರು ಅಕಾಲದಲ್ಲಿ ತೀರಿಕೊಂಡರೆ ಅಷ್ಟಮಂಗಲ ಪ್ರಶ್ನೆ ಇಡುತ್ತಾರೆ. ಅದನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಮನಸ್ಸಿನ ಸಮಾಧಾನಕ್ಕೆ ಜನ ಹಲವು ದಾರಿ ಹಿಡಿಯುತ್ತಾರೆ. ನನಗೆ ವ್ಯಥೆಯಾಗುವುದು ಬೇರೆ ಸಂಗತಿಗೆ. ಮಗಳ ಸಂಬಂಧ ತಪ್ಪೀತೆಂಬ ಅಂಜಿಕೆಯಿಂದ ರೋಗದ ಹೆಸರನ್ನೇ ಮುಚ್ಚಿಡುತ್ತಾರೆ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಾವೇ ನಿರ್ಧರಿಸಿ ವರ್ಷಗಟ್ಟಲೆ ಪಥ್ಯ ಮಾಡುತ್ತಾರೆ. ಕಟ್ಟಕಡೆಗೆ ತಲಪಾಡಿ ದಾಟಿ ಮಂಗಳೂರಿಗೆ ಹೋದಾಗಲೂ, ಅಪ್ಪ ಯಾವುದರಿಂದ ಹೋದರು ಎಂದು ವೈದ್ಯರು ಕೇಳಿದರೆ ಹೊಟ್ಟೆನೋವಿನಿಂದ ಎಂದಷ್ಟೇ ಉತ್ತರ. ವಿಚಿತ್ರವೆಂದರೆ, ತರವಾಡು ಮನೆಗಳ ಹಿರಿಯರಿಗೆ ಮೂರು ನಾಲ್ಕು ತಲೆಮಾರುಗಳ ಹೆಸರು, ಸತ್ತ ಪ್ರಾಯ, ಸತ್ತ ರೀತಿ ಎಲ್ಲವೂ ಬಾಯಿಗೆ ಬರುತ್ತದೆ. ವಾರ್ಥಿನ್ ವರ್ಷಗಳ ಕಾಲ ಅರಸಿದ್ದು ಇಂಥ ನೆನಪನ್ನೇ.

ಆ ನೆನಪು ವೈದ್ಯರ ಕಿವಿಗೆ ಬಿದ್ದರೆ ಏನಾಗುತ್ತದೆಂಬುದು ಈಗ ಸ್ಪಷ್ಟವಿದೆ. ಈ ದೋಷ ಇರುವವರ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಅರ್ಧಕ್ಕರ್ಧ ಬಾರದಿರುವ ಸಂಭವವೂ ಅಷ್ಟೇ ನಿಜ. ಬಂದವರೆಲ್ಲ ರೋಗಿಗಳಾಗುವುದಿಲ್ಲ. ರಕ್ತಪರೀಕ್ಷೆಯಿಂದ ತಿಳಿಯಬಹುದು. ದೋಷವಿರುವವರು ಸಾಮಾನ್ಯವಾಗಿ ಇಪ್ಪತ್ತರಿಂದ ಇಪ್ಪತ್ತೈದರ ಪ್ರಾಯದಿಂದಲೇ ಒಂದೆರಡು ವರ್ಷಗಳಿಗೊಮ್ಮೆ ಕೊಲೊನೋಸ್ಕೋಪಿ ಮಾಡಿಸಿಕೊಂಡರೆ, ಪಾಲಿಪ್ ಇರುವಾಗಲೇ ಅದನ್ನು ಕಿತ್ತುಹಾಕಲು ಸಾಧ್ಯ. ಗೆಡ್ಡೆ ಬಂದ ಮೇಲೂ ಹೊಸ ದಾರಿಯುಂಟು. ತಪ್ಪು ಬರವಣಿಗೆ ತುಂಬಿದ ಕೋಶ ದೇಹದ ರೋಗನಿರೋಧಕ ಶಕ್ತಿಗೆ ಅನ್ಯವಾಗಿ ಕಾಣುವುದರಿಂದ, ಆ ಶಕ್ತಿಯನ್ನು ಬಡಿದೆಬ್ಬಿಸುವ ಔಷಧಿಗೆ ಇಂಥ ಗೆಡ್ಡೆಗಳು ಹಲವೊಮ್ಮೆ ಮಣಿಯುತ್ತವೆ. ಅಮೆರಿಕದಲ್ಲಿ 2017ರಲ್ಲಿ ಅಂಥದೊಂದು ಔಷಧಿಗೆ ಒಪ್ಪಿಗೆ ದೊರೆತಾಗ, ಗೆಡ್ಡೆ ಯಾವ ಅಂಗದ್ದೆಂಬುದನ್ನು ನೋಡದೆ ಈ ದೋಷವನ್ನು ಮಾತ್ರ ನೋಡಿ ಕೊಡಬಹುದೆಂದು ನಿರ್ಣಯವಾಯಿತು.

ಇನ್ನು ಮಾರ್ಸೆಲಾ ಅವರ ಮಾತು. ಪತಿಯ ಮರಣಾನಂತರ ಅವರು ಜರ್ಮನಿಯಿಂದ ಅಮೆರಿಕಕ್ಕೆ ಮರಳಿ, ನ್ಯೂ ಹೇವನ್ನಿನ ಹೊಸ ಮಹಿಳಾ ಕಾಲೇಜೊಂದರಲ್ಲಿ ವಿಜ್ಞಾನ ವಿಭಾಗವನ್ನು ಕಟ್ಟಿ ಬೆಳೆಸಿದರು. ಯಾರೂ ಓದದಿದ್ದ 1914ರ ಪುಸ್ತಕವನ್ನು ತಾವೇ ಇಂಗ್ಲಿಷಿಗೆ ತಂದು 1929ರಲ್ಲಿ ಪ್ರಕಟಿಸಿದರು. ಬೊವೇರಿಯವರ ಹೆಸರು ಇಂಗ್ಲಿಷ್ ಬಲ್ಲ ವೈದ್ಯರ ನಡುವೆ ಉಳಿಯಲು ಈ ಸಾಧ್ವಿಯ ಶ್ರಮ ಬಹುಮಟ್ಟಿಗೆ ಕಾರಣ. 1950ರಲ್ಲಿ ಅವರು ತೀರಿಕೊಂಡರು. ಸುಮಾರು ಎಂಭತ್ತು ವರ್ಷಗಳ ಬಳಿಕ, 2008ರಲ್ಲಿ, ಅದೇ ಪುಸ್ತಕ ಟಿಪ್ಪಣಿಗಳೊಡನೆ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಬಂತು. ಅನುವಾದಕರು ಆಕ್ಸ್‌ಫರ್ಡಿನ ಸರ್ ಹೆನ್ರಿ ಹ್ಯಾರಿಸ್. ಮಾರಕ ಕೋಶವನ್ನು ಆರೋಗ್ಯವಂತ ಕೋಶದೊಡನೆ ಬೆಸೆದರೆ ಮಾರಕತೆ ಅಡಗುತ್ತದೆ, ವರ್ಣತಂತುಗಳು ಕಳೆದುಹೋದಂತೆ ಮರಳಿ ಬರುತ್ತದೆ ಎಂದು 1969ರಲ್ಲಿ ತೋರಿಸಿ, ವಿಭಜನೆಯನ್ನು ತಡೆಹಿಡಿಯುವ ಅಂಶಗಳುಂಟೆಂಬ ಬೊವೇರಿಯವರ ಊಹೆಗೆ ಬಲವಾದ ಆಧಾರವನ್ನು ಕೊಟ್ಟ ತಂಡದ ನಾಯಕರು ಇವರೇ. ಆ ಅನುವಾದ ಹೊರಬಂದಾಗ ಹ್ಯಾರಿಸರಿಗೆ ಎಂಭತ್ತು ದಾಟಿತ್ತು.